ಎರಡು ಉತ್ತರ ಹೇಳಿದ ಮಕ್ಕಳು

ಜೀವಶಾಸ್ತ್ರ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆದೋನಿಯ ನಮ್ಮ ಮನೆಗೆ ಬರುತ್ತಿರುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಮಕ್ಕಳು ವಿಜ್ಞಾನ ಹೆಂಗ ಕಲೀತಾರ ಅಂತ ಇಷ್ಟು ವರ್ಷ ಸಂಶೋಧನಾ ಮಾಡಿದ್ರಿ. ಕೊನಿಗೆ ಏನು ಗೊತ್ತಾತ್ರಿ?"

ನಾನು ಇನ್ನೊಂದು ಬಿಸ್ಕತ್ತು ತಗೊಳ್ಳಿ ಎಂದು ತಟ್ಟೆ ಮುಂದೆ ಸರಿಸುತ್ತೇನೆ. ಉತ್ತರ ಸಣ್ಣದಾಗಿದ್ದರೆ ಹೇಳಿಬಿಡುತ್ತಿದ್ದೆ. ಸಣ್ಣದಲ್ಲ, ನೆಟ್ಟಗೂ ಇಲ್ಲ. ಅದಕ್ಕೇ ಕೂತು ಬರೆಯುವುದೇ ವಾಸಿ ಎನಿಸಿತು. ಯಾವಾಗ ಪ್ರಾಧ್ಯಾಪಕಿ ಆದೆ, ಯಾವಾಗ ಮುಖ್ಯಸ್ಥೆ ಆದೆ ಎಂಬುದೆಲ್ಲ ಇಲ್ಲಿ ಬೇಡ. ತಲೆ ಕೆಡಿಸಿದ ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಆಂಧ್ರದ ಗಡಿಯ ಆದೋನಿಯಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಕಪ್ಪೆ, ಕಪ್ಪ, ಫ್ರಾಗ್ ಎಂದು ಒಂದೇ ಪ್ರಾಣಿಯನ್ನು ಮೂರು ಸಲ ಕಲಿತವಳು ನಾನು. ಇದು ತೊಂದರೆ ಎಂದು ಆಗ ಅನಿಸಿರಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೆಯೇ. ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು ಶೇಷಗಿರಿ ಗಾರು. ಕರಾವಳಿ ಆಂಧ್ರದವರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೋರ್ಡಿನ ಮೇಲೆ ಬರೆದ ಚಿತ್ರದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವವರು. ಅವರ ಮಟ್ಟಿಗೆ ಜೀವಶಾಸ್ತ್ರ ಎಂದರೆ ವ್ಯಾಖ್ಯೆ. ವ್ಯಾಖ್ಯೆಯಲ್ಲಿ ಒಂದು ಪದ ಆಚೀಚೆಯಾದರೂ ಅಂಕ ಹೋಯಿತು. ನನ್ನನ್ನು "ಅಮ್ಮಾ" ಎಂದು ಕರೆಯುತ್ತಿದ್ದರು, ಆದರೆ ತಪ್ಪಿಗೆ ರಿಯಾಯಿತಿ ಕೊಡುತ್ತಿರಲಿಲ್ಲ.

ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಾಜಿನ ಸೀಸೆಗಳನ್ನು ಸಾಲಾಗಿ ಇಟ್ಟಿದ್ದೆವು. ನೋಡಿ ಗುರುತಿಸಿ ಬರೆಯಬೇಕು. ಒಂದರಲ್ಲಿ ಸ್ಪಂಜು ಪ್ರಾಣಿ ಇತ್ತು. ಹನುಮಂತು ಎಂಬ ವಿದ್ಯಾರ್ಥಿ ಅದರ ಹೆಸರು ಸರಿಯಾಗಿ ಬರೆದು, ಪಕ್ಕದಲ್ಲಿ 'ಇದು ನಿರ್ಜೀವ' ಎಂದೂ ಬರೆದಿದ್ದ. ಶೇಷಗಿರಿ ಗಾರು ಸೊನ್ನೆ ಹಾಕಿದರು. ಹುಡುಗ ಪರೀಕ್ಷೆ ಮುಗಿದ ಮೇಲೆ ಬಾಗಿಲಲ್ಲೇ ನಿಂತುಕೊಂಡ.

"ಸಾರ್, ಅದು ಸೀಸೆದಾಗ ಯಾವಾಗಿಂದ ಐತ್ರಿ?"

"ನಾನು ಇಲ್ಲಿಗೆ ಬರುವುದಕ್ಕಿಂತ ಮೊದಲಿನಿಂದ ಉಂದಿ."

"ಅದು ಬದುಕೈತೇನ್ರಿ ಈಗ?"

"ಲೇದು, ಇಲ್ಲ."

"ಮತ್ತ ನಾನು ಬರದಿದ್ದು ತಪ್ಪು ಹೆಂಗ್ರಿ ಸಾರ್?"

ಶೇಷಗಿರಿ ಗಾರು ಕನ್ನಡಕ ತೆಗೆದು ಒರೆಸಿಕೊಂಡರು. "ಸತ್ತರೂ ಜೀವಿ ಜೀವಿಯೇ. ಹೋಗು," ಎಂದರು. ಹುಡುಗ ಹೋದ. ಆದರೆ ಆ ದಿನ ಸಂಜೆ ಸ್ಟಾಫ್ ರೂಮಿನಲ್ಲಿ ಅವರು ನನ್ನ ಎದುರು ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಅಮ್ಮಾ, ಸತ್ತದ್ದು ಜೀವಿಯೋ, ನಿರ್ಜೀವವೋ? ನೀನೇನಂತೀ?"

ನಾನು ಜೀವಿ ಎಂದೆ. ಆಮೇಲೆ ಅಲ್ಲವೇನೋ ಎಂದೆ. ಅವರು ಹನುಮಂತುವಿನ ಸೊನ್ನೆ ಹೊಡೆದುಹಾಕಿ ಅರ್ಧ ಅಂಕ ಕೊಟ್ಟರು. ಸರಿಗೂ ಅಲ್ಲ, ತಪ್ಪಿಗೂ ಅಲ್ಲ, ನಮ್ಮಿಬ್ಬರ ಗೊಂದಲಕ್ಕೆ ಬಿದ್ದ ಅಂಕ ಅದು.

ಮುಂದೆ ಕಪ್ಪೆ ಕುಯ್ಯುವುದು ನಿಂತುಹೋಯಿತು. ಮೊದಲು ಪ್ಲಾಸ್ಟಿಕ್ ಮಾದರಿ ಬಂತು, ಆಮೇಲೆ ಪರದೆಯ ಮೇಲಿನ ಚಿತ್ರ. ಲ್ಯಾಬಿನ ಆ ವಾಸನೆ ಹೋದದ್ದಕ್ಕೆ ಸಮಾಧಾನವಾಯಿತು ಎಂದು ಎಲ್ಲರೆದುರು ಹೇಳಿದೆ, ಅದು ನಿಜವೂ ಆಗಿತ್ತು. ಆದರೆ ಪರದೆಯ ಮೇಲೆ ಮಿಡಿಯುವ ಹೃದಯ ನೋಡಿದ ಹುಡುಗಿಯೊಬ್ಬಳು, "ಇದು ಕಪ್ಪೀದಾ ಮೇಡಂ, ಕಂಪ್ಯೂಟರಿಂದಾ?" ಎಂದು ಕೇಳಿದಾಗ ಏನು ಕಳೆದುಕೊಂಡೆವು, ಏನು ಗಳಿಸಿದೆವು ಎಂದು ಲೆಕ್ಕ ಸಿಗಲಿಲ್ಲ.

ಆ ಕಾಲದಲ್ಲೇ ಹೈಸ್ಕೂಲು ಶಿಕ್ಷಕರಿಗೆ ಬೇಸಿಗೆ ತರಬೇತಿ ಕೊಡಲು ನನ್ನನ್ನು ಕಳಿಸಿದರು. ಬೆಂಕಿ, ಮೋಡ, ಮೊಟ್ಟೆ, ಬೀಜ, ಹೊಳೆ ಇವುಗಳಲ್ಲಿ ಯಾವುದಕ್ಕೆ ಜೀವ ಇದೆ ಎಂದು ಸುಮ್ಮನೆ ಮಾತು ಶುರು ಮಾಡಲು ಕೇಳಿದೆ. ಬೀಜಕ್ಕೆ ಬಂದಾಗ ಕೋಣೆ ಎರಡು ಹೋಳಾಯಿತು. ಪಾಠ ಹೇಳುವ ಮೇಷ್ಟ್ರುಗಳೇ ಊಟದ ಗಂಟೆ ಹೊಡೆದರೂ ಜಗಳ ಬಿಡಲಿಲ್ಲ. ಶಿಕ್ಷಕರದೇ ಹೀಗಿದ್ದರೆ ಮಕ್ಕಳದು ಹೇಗಿರಬೇಡ ಎಂದುಕೊಂಡೆ. ವಿಜ್ಞಾನ ಶಿಕ್ಷಣದ ಸಂಶೋಧನೆಗೆ ನಾನು ಇಳಿದದ್ದು ಹೀಗೆ. ಹಾವು ಕಪ್ಪೆ ಬಿಟ್ಟು ಮಕ್ಕಳ ಬಾಯಿ ನೋಡಲು ಹೊರಟಳಲ್ಲ ಎಂದು ವಿಭಾಗದಲ್ಲಿ ನಕ್ಕರು. ಶೇಷಗಿರಿ ಗಾರು ಮಾತ್ರ ನಗಲಿಲ್ಲ. "ವೆಳ್ಳಮ್ಮಾ, ಹೋಗು. ತಿಳಿದರೆ ಬಂದು ನನಗೂ ಹೇಳು," ಎಂದು ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡರು.

ಉರುಕುಂದದ ಕಡೆಯ ಒಂದು ಹಳ್ಳಿಯ ಶಾಲೆಯಿಂದ ಶುರು ಮಾಡಿದೆ. ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಪಾಠವೆಲ್ಲ ತೆಲುಗು. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ತಿಮ್ಮಪ್ಪ ಮೇಷ್ಟ್ರು ನಮ್ಮ ಹಾಗೇ ಕನ್ನಡದ ಮನೆಯವರು. ಮೊದಲ ದಿನದಿಂದಲೇ ನನ್ನನ್ನು "ಅಕ್ಕಾರ" ಎಂದು ಕರೆದರು. ಶೇಂಗಾ ಬೀಜ ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಈರಮ್ಮ ಎಂಬ ಹುಡುಗಿಯ ಸರದಿ ಬಂತು. ಬೀಜಕ್ಕೆ ಜೀವ ಇದೆಯೇ ಎಂದು ತರಗತಿಯಲ್ಲಿ ತೆಲುಗಿನಲ್ಲಿ ಕೇಳಿದೆ.

"ವಿತ್ತನಾನಿಕಿ ಪ್ರಾಣಂ ಉಂದಾ?"

"ಉಂದಿ ಮೇಡಂ. ಅದಿ ಸಜೀವಂ," ಎಂದು ಪಟ್ಟನೆ ಹೇಳಿದಳು. ನಾನು ಸರಿ ಎಂದು ಗುರುತು ಹಾಕಿಕೊಂಡೆ.

ಬಿಡುವಿನಲ್ಲಿ ಅಂಗಳದ ಬೇವಿನ ಮರದ ಕೆಳಗೆ ಅವಳು ನನ್ನ ಪಕ್ಕ ಬಂದು ಕೂತಳು. ಅದೇ ಶೇಂಗಾ ಇನ್ನೂ ನನ್ನ ಕೈಯಲ್ಲಿತ್ತು. ಸುಮ್ಮನೆ ಕನ್ನಡದಲ್ಲಿ, "ಇದಕ್ಕ ಜೀವ ಐತೇನವ್ವಾ?" ಎಂದೆ.

"ಇಲ್ರಿ. ಎಲ್ಲಿ ಜೀವ? ಮಣ್ಣಾಗ ಹಾಕಿ ನೀರು ಬಿದ್ದ ಮ್ಯಾಲ ಬರತೈತ್ರಿ."

ನಾನು ಕಕ್ಕಾಬಿಕ್ಕಿಯಾದೆ. "ತರಗತಿಯೊಳಗ ಕೇಳಿದಾಗ ಐತಿ ಅಂದೆಲ್ಲ ಈಗ?"

ಅವಳು ನನ್ನನ್ನು ನೋಡಿದಳು, ಶೇಂಗಾ ನೋಡಿದಳು. "ಒಳಗ ಅಂದ್ನಿ," ಎಂದಳು. ಅಷ್ಟೇ. ಎರಡೂ ಮಾತು ತನ್ನವೇ, ಅದರಲ್ಲಿ ವಿಚಿತ್ರವೇನು ಎಂಬ ಮುಖ. ಗಂಟೆ ಹೊಡೆಯಿತು, ಓಡಿಹೋದಳು.

ಈರಮ್ಮ ಒಬ್ಬಳೇ ಅಲ್ಲ. ಮುಂದಿನ ದಿನಗಳಲ್ಲಿ ನಂದವರಂ ಕಡೆ ಹೋದೆ, ಪತ್ತಿಕೊಂಡ ಕಡೆ ಹೋದೆ. ತೆಲುಗಿನಲ್ಲಿ ಪುಸ್ತಕದ ಉತ್ತರ, ಕನ್ನಡದಲ್ಲಿ ಬೇರೊಂದು ಉತ್ತರ. ಗಿಡ ಉಸಿರಾಡುತ್ತದೆಯೇ, ಮೊಟ್ಟೆಗೆ ಜೀವ ಇದೆಯೇ, ಎಲ್ಲದಕ್ಕೂ ಬಹುಪಾಲು ಹೀಗೆಯೇ. ಮಗುವಿನ ತಲೆಯಲ್ಲಿ ನಿಜವಾಗಿ ಇರುವುದು ಯಾವುದು? ಅಷ್ಟರಲ್ಲಿ ಪ್ರಿನ್ಸಿಪಾಲರಾಗಿದ್ದ ಶೇಷಗಿರಿ ಗಾರು ಕೇಳಿ ಯೋಚಿಸಿ, "ಓದುವ ಭಾಷೆಯಲ್ಲಿ ಹೇಳಿದ್ದೇ ಉತ್ತರ. ಇನ್ನೊಂದು ಮನೆಯ ಮಾತು," ಎಂದರು. ನನಗೆ ಅದಕ್ಕೆ ಪೂರಾ ವಿರುದ್ಧ ಅನಿಸಿತು. ಮನೆಯ ಭಾಷೆಯಲ್ಲಿ ಮಗು ತಾನು ನಂಬಿದ್ದನ್ನು ಹೇಳುತ್ತದೆ, ಶಾಲೆಯ ಭಾಷೆಯಲ್ಲಿ ಪುಸ್ತಕ ಹೇಳಿದ್ದನ್ನು ಹೇಳುತ್ತದೆ ಎಂದು ನನ್ನ ಪ್ರಬಂಧದಲ್ಲಿ ಬರೆದೆ. ಅದರ ಮೇಲೆಯೇ ನನಗೆ ಡಾಕ್ಟರೇಟ್ ಬಂತು, ಹೆಸರು ಬಂತು.

ಅಷ್ಟೇ ಆಗಿದ್ದರೆ ಕಪಾಟಿನಲ್ಲಿ ಕೂತಿರುತ್ತಿತ್ತು. ತಿಮ್ಮಪ್ಪ ಮೇಷ್ಟ್ರು ಬಿಡಲಿಲ್ಲ. ನನ್ನ ಬರಹ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿ, ಕನ್ನಡದ ಮಕ್ಕಳಿರುವ ಕೆಲವು ಶಾಲೆಗಳಲ್ಲಿ ವಾರಕ್ಕೊಮ್ಮೆ ವಿಜ್ಞಾನವನ್ನು ಕನ್ನಡದಲ್ಲಿ ಮಾತಾಡಿಸುವ ತರಗತಿ ಮಂಜೂರು ಮಾಡಿಸಿದರು. ಎರಡು ಭಾಷೆ ಪಾಠ ಎಂದೇ ಅದಕ್ಕೆ ಹೆಸರಾಯಿತು. ಆ ತರಗತಿಗೆ ನಾನು ಹೋಗಿ ಹಿಂದೆ ಕೂತಾಗ ಮಕ್ಕಳ ಗದ್ದಲ ಕೇಳಬೇಕಿತ್ತು. ತೆಲುಗು ಪಾಠದಲ್ಲಿ ಬಾಯಿ ಬಿಡದವರು ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಬೇಕಾದಷ್ಟು ವರ್ಷ ಅದು ನಡೆಯಿತು. ನನ್ನ ಕೆಲಸದಿಂದ ಯಾರಿಗಾದರೂ ಉಪಯೋಗವಾಯಿತು ಎಂದರೆ ಇದೇ ಎಂದು ನಂಬಿಕೊಂಡಿದ್ದೆ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗ ಮಾಬುನ್ನಿ ನನ್ನ ಬಳಿ ಸಂಶೋಧನೆಗೆ ಸೇರಿದಳು. ಆದೋನಿಯ ಹುಡುಗಿ, ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮಾತು ಕಡಿಮೆ. ನನ್ನ ಕೆಲಸವನ್ನೇ ಇನ್ನಷ್ಟು ಶಾಲೆಗಳಲ್ಲಿ ಮಾಡಿ ನೋಡು ಎಂದು ಹೇಳಿ ಕಳಿಸಿದೆ. ಸ್ವಲ್ಪ ದಿನವಾದ ಮೇಲೆ ಅವಳು ಬಂದು ನನ್ನ ಮೇಜಿನ ಅಂಚು ಹಿಡಿದು ನಿಂತಳು.

"ಮೇಡಂ, ಒಂದು ಕೇಳಲಾ? ನೀವು ತೆಲುಗಿನಾಗ ಎಲ್ಲಿ ಕುಂತು ಕೇಳ್ತಿದ್ರಿ?"

"ತರಗತಿಯೊಳಗ. ಮೇಷ್ಟ್ರ ಕುರ್ಚಿ ಮ್ಯಾಲ."

"ಕನ್ನಡದಾಗ?"

"ಬಿಡುವಿನ್ಯಾಗ ಕೇಳ್ತಿದ್ನಿ. ಅಂಗಳದಾಗ, ಇಲ್ಲಾಂದ್ರ ಅವರ ಮನಿ ಕಟ್ಟಿ ಮ್ಯಾಲ."

"ನಾನು ತಿರುವಿ ಕೇಳೀನ್ರಿ," ಎಂದಳು. "ತರಗತಿಯಾಗ ಕುರ್ಚಿ ಮ್ಯಾಲ ಕುಂತು ಕನ್ನಡದಾಗ ಕೇಳಿದೆ. ಜೀವ ಐತಿ ಅಂತಾರ. ಮನಿ ಕಟ್ಟಿ ಮ್ಯಾಲ ಕುಂತು ತೆಲುಗಿನಾಗ ಕೇಳಿದೆ. ಲೇದು ಅಂತಾರ. ಭಾಷಿ ಅಲ್ರಿ ಮೇಡಂ ಅದು."

ಅವಳು ಹೇಳಿದ್ದು ಎಷ್ಟು ಸರಳ ಎಂದರೆ, ಇಷ್ಟು ವರ್ಷ ಯಾರಿಗೂ, ನನ್ನ ಪ್ರಬಂಧ ಓದಿದ ಪಂಡಿತರಿಗೂ ಅದು ಹೊಳೆದಿರಲಿಲ್ಲ. ನಿನ್ನ ಕೇಳುವ ರೀತಿಯಲ್ಲೇ ಏನೋ ಎಡವಟ್ಟಾಗಿರಬೇಕು, ಮತ್ತೆ ಮಾಡು ಎಂದು ಕಳಿಸಿದೆ. ಮತ್ತೆ ಮಾಡಿದಳು. ಅದೇ ಬಂತು.

ಸುದ್ದಿ ತಿಮ್ಮಪ್ಪ ಮೇಷ್ಟ್ರ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಒಂದು ಭಾನುವಾರ ಮನೆಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಕ್ಕಾರ, ಆ ಹುಡುಗಿ ಪ್ರಬಂಧ ಹೊರಗ ಬಂದ್ರ ಏನಾಗತೈತಿ ಗೊತ್ತೇನ್ರಿ? ಭಾಷಿಯಿಂದ ಏನೂ ಫರಕಿಲ್ಲ, ಕನ್ನಡದ ತರಗತಿ ಯಾಕ ಅಂತ ಕೇಳಾಕ ಕಾಯ್ಕೊಂಡು ಕುಂತಾರ ಮಂದಿ. ನೀವೇ ಕಟ್ಟಿದ್ದನ್ನ ನೀವೇ ಕೆಡವ್ತೀರೇನು?"

"ಆಕಿ ನೋಡಿದ್ದು ಸುಳ್ಳಲ್ಲ, ತಿಮ್ಮಪ್ಪ."

"ಸುಳ್ಳು ಅನ್ನಂಗಿಲ್ರಿ. ಸ್ವಲ್ಪ ತಡೀರಿ ಅಂತೀನಿ. ಬ್ಯಾರೆ ವಿಷಯ ಕೊಡ್ರಿ ಆಕಿಗೆ."

ಒಪ್ಪಿಕೊಂಡುಬಿಡಬೇಕು ಎನಿಸಿತು. ಆ ಕನ್ನಡದ ತರಗತಿಯ ಮಕ್ಕಳ ಗದ್ದಲ ನಾನು ಕಿವಿಯಾರೆ ಕೇಳಿದ್ದೆ. ಇತ್ತ ಮಾಬುನ್ನಿಗೆ ಈ ಪದವಿ ಸಿಕ್ಕದೆ ಕಾಲೇಜಿನ ಕೆಲಸ ಸಿಗುವಂತಿರಲಿಲ್ಲ. ಅವಳ ಮನೆಯವರು ಮದುವೆ ಮುಂದೂಡಿ ಕಾಯುತ್ತಿದ್ದರು. ವಿಷಯ ಬದಲಿಸು ಎಂದು ನಾನು ಒಂದು ಮಾತು ಹೇಳಿದ್ದರೆ ಅವಳು ಬದಲಿಸುತ್ತಿದ್ದಳು, ಎದುರು ಮಾತಾಡುವ ಹುಡುಗಿ ಅಲ್ಲ. ಅದೇ ನನಗೆ ಹೆಚ್ಚು ಕಷ್ಟವಾದದ್ದು. ತಿಮ್ಮಪ್ಪ ಮೇಷ್ಟ್ರಿಗೆ ಯೋಚಿಸಿ ಹೇಳುತ್ತೇನೆ ಎಂದೆ. ಏನು ಯೋಚಿಸಬೇಕು ಎಂಬುದೇ ತಿಳಿಯದೆ ಎಷ್ಟೋ ದಿನ ಓಡಾಡಿದೆ.

ಕೊನೆಗೆ ಮಾಬುನ್ನಿಯ ಜತೆ ನಾನೇ ಪತ್ತಿಕೊಂಡದ ಹತ್ತಿರದ ಒಂದು ಶಾಲೆಗೆ ಹೋದೆ. ನಾನು ಯಾರೆಂದು ಹೇಳಬೇಡ ಎಂದು ಅವಳಿಗೆ ಹೇಳಿ ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಕೇಳಿದಾಗ ಮಕ್ಕಳು ಕೈ ಕಟ್ಟಿಕೊಂಡು ಎದ್ದು ನಿಂತು ಪುಸ್ತಕದ ಉತ್ತರ ಒಪ್ಪಿಸಿದರು. ಆಮೇಲೆ ಅದೇ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ತಾನು ನೆಲದ ಮೇಲೆ ಕೂತು ತೆಲುಗಿನಲ್ಲಿ ಕೇಳಿದಳು. ನಾನೂ ಹಿಂದೆಯೇ ಹೋಗಿ ನಿಂತಿದ್ದೆ. ಒಬ್ಬ ಹುಡುಗಿ ತಲೆ ಕೆರೆದುಕೊಂಡು ಅವಳನ್ನೇ ತಿರುಗಿ ಕೇಳಿದಳು, ಅದೂ ಕನ್ನಡದಲ್ಲಿ: "ಅಕ್ಕಾ, ಯಾವ ಬೀಜದ್ದು ಕೇಳಾಕತ್ತಿ? ಪುಸ್ತಕದ್ದಾ, ನಮ್ಮ ಮನೀದ್ದಾ?"

ಮಾಬುನ್ನಿ ತಿರುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು. "ಮೇಡಂ, ಬರೀಲಾ, ಬ್ಯಾಡಾ?"

"ಬರಿ," ಎಂದೆ. "ಆದ್ರ ಕನ್ನಡದ ತರಗತಿ ಬ್ಯಾಡ ಅಂತ ಇದರಿಂದ ಅರ್ಥ ಮಾಡ್ಕೋಬಾರದು ಅಂತನೂ ಬರಿ."

"ಅದು ನಾನು ನೋಡಿಲ್ಲಲ್ರಿ. ನೋಡದಿದ್ದನ್ನ ಹೆಂಗ ಬರೀಲಿ?"

ನಾನೇ ಅವಳಿಗೆ ಕಲಿಸಿದ್ದ ಮಾತು ಅದು.

ಪ್ರಬಂಧಕ್ಕೆ ಸಹಿ ಮಾಡಿದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಕೇಳಿ ಮುಗಿಸಿ ನನ್ನ ಕಡೆ ತಿರುಗಿದರು. "ನಿಮ್ಮ ವಿದ್ಯಾರ್ಥಿನಿ ನಿಮ್ಮ ಸಿದ್ಧಾಂತವನ್ನೇ ಅಲ್ಲಗಳೆದಿದ್ದಾರೆ. ನೀವೇನು ಹೇಳುತ್ತೀರಿ?" ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ದೊಡ್ಡ ಮಾತೊಂದು ಹೇಳಬೇಕೆಂದು ಮನೆಯಿಂದ ಸಿದ್ಧ ಮಾಡಿಕೊಂಡು ಹೋಗಿದ್ದೆ, ಬಾಯಿಗೆ ಬರಲಿಲ್ಲ. "ಅವಳು ನೋಡಿದ್ದು ಸರಿ. ನಾನೂ ಹೋಗಿ ನೋಡಿದೆ. ಅದರ ಅರ್ಥ ಏನು ಅಂತ ನನಗೆ ಇನ್ನೂ ತಿಳಿದಿಲ್ಲ," ಎಂದೆ. ಪರೀಕ್ಷಕರು ನಕ್ಕು ಸಹಿ ಹಾಕಿದರು. ಮಾಬುನ್ನಿ ಹೊರಗೆ ಬಂದು ಗೋಡೆಗೆ ಒರಗಿ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಸಂತೋಷಕ್ಕೋ ದುಃಖಕ್ಕೋ ಎಂದು ನಾನು ಕೇಳಲಿಲ್ಲ.

ಮುಂದಿನ ವರ್ಷ ಎರಡು ಭಾಷೆ ಪಾಠ ನಿಂತುಹೋಯಿತು. ಮಾಬುನ್ನಿಯ ಪ್ರಬಂಧದಿಂದಲೇ ಎಂದು ತಿಮ್ಮಪ್ಪ ಮೇಷ್ಟ್ರು ಎಲ್ಲರಿಗೂ ಹೇಳಿದರು. ಕಚೇರಿಗೆ ಹೋಗಿ ವಿಚಾರಿಸಿದೆ. ಕಲಿಸುವವರು ಸಿಗುತ್ತಿಲ್ಲ ಎಂದರು ಒಬ್ಬರು. ವೇಳಾಪಟ್ಟಿ ಬದಲಾಗಿದೆ, ಮೇಲಿನಿಂದ ಬಂದದ್ದು ಎಂದರು ಇನ್ನೊಬ್ಬರು. ಪ್ರಬಂಧವೇ, ಯಾವ ಪ್ರಬಂಧ, ಎಂದರು ಮೂರನೆಯವರು. ಅವರಲ್ಲಿ ಯಾರು ನಿಜ ಹೇಳಿದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪೇಟೆಯಲ್ಲಿ ಒಮ್ಮೆ ತಿಮ್ಮಪ್ಪ ಎದುರಾದರು. "ಆರಾಮಿದೀರಾ ಮೇಡಂ?" ಎಂದು ಕೇಳಿ ನಿಲ್ಲದೆ ಹೋದರು. ಅಕ್ಕಾರ ಹೋಗಿ ಮೇಡಂ ಆಗಿದ್ದೆ. ಆ ಸಂಕಟವನ್ನು ಯಾರಿಗೂ ವಿವರಿಸಲಾಗಲಿಲ್ಲ. ಶೇಷಗಿರಿ ಗಾರಿಗೆ ಹೇಳೋಣವೆಂದರೆ ಅವರು ಆಗಲೇ ತೀರಿಕೊಂಡಿದ್ದರು.

ನಿವೃತ್ತಿಯಾದ ಮೇಲೆ ಒಂದು ದಿನ ಮಾಬುನ್ನಿ ಫೋನ್ ಮಾಡಿದಳು. ಅವಳೀಗ ಪತ್ತಿಕೊಂಡದ ಕಡೆ ಪಾಠ ಹೇಳುತ್ತಾಳೆ, ಶಾಲೆ ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತಾಳೆ.

"ತಿಮ್ಮಪ್ಪ ಮೇಷ್ಟ್ರು ಅವರ ಶಾಲಿಗೆ ಬಾ ಅಂದಾರ್ರಿ. ಮಕ್ಕಳ ಜೋಡಿ ಹೆಂಗ ಮಾತಾಡ್ತೀ ತೋರಿಸು ಅಂದ್ರು. ನೀವೂ ಬರ್ರಿ."

"ನನ್ನ ಕರದಾರೇನು?"

"ಇಲ್ರಿ. ಬ್ಯಾಡ ಅಂತನೂ ಅಂದಿಲ್ಲ."

ಹೋದೆ. ತಿಮ್ಮಪ್ಪ ಗೇಟಿನ ಹತ್ತಿರ ನಿಂತಿದ್ದರು, ತಲೆ ಪೂರಾ ಬೆಳ್ಳಗಾಗಿತ್ತು. "ನಾನು ಇನ್ನೂ ಒಪ್ಪಿಲ್ರಿ," ಎಂದರು ಮೊದಲೇ. "ನಾನೂ ಪೂರಾ ಒಪ್ಪಿಲ್ಲ," ಎಂದೆ. ಅವರು ಒಂದು ಕ್ಷಣ ನೋಡಿ, "ಬರ್ರಿ, ಬಿಸಲಾಗ ಯಾಕ ನಿಂತೀರಿ," ಎಂದು ಒಳಗೆ ಕರೆದುಕೊಂಡು ಹೋದರು. ಮಂಜೂರಾತಿ ಇಲ್ಲದೆಯೂ ಊಟದ ಬಿಡುವಿನಲ್ಲಿ ಅವರು ಮಕ್ಕಳ ಜತೆ ಕನ್ನಡದಲ್ಲಿ ವಿಜ್ಞಾನ ಮಾತಾಡುವುದನ್ನು ಬಿಟ್ಟಿರಲಿಲ್ಲ ಎಂದು ಅಲ್ಲಿ ಗೊತ್ತಾಯಿತು.

ಮಾಬುನ್ನಿ ಮಕ್ಕಳನ್ನು ಗುಂಪು ಮಾಡಿದಳು. ನನ್ನ ಪಾಲಿಗೆ ಒಬ್ಬ ಹುಡುಗಿ ಬಂದಳು, ಎಣ್ಣೆ ಹಚ್ಚಿ ಬಿಗಿದ ಜಡೆ, ಹಲ್ಲು ಒಂದು ಬಿದ್ದಿದೆ. ಹಳೆಯ ಅಭ್ಯಾಸ, ಅಲ್ಲಿದ್ದ ಹತ್ತಿಬೀಜ ತೋರಿಸಿ ಕೇಳಿದೆ. ಅವಳು ಉತ್ತರ ಹೇಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು: "ಅಜ್ಜಿ, ನಿಮಗ ಗೊತ್ತಿದ್ದು ಕೇಳಾಕತ್ತೀರಾ, ಗೊತ್ತಿಲ್ದೆ ಕೇಳಾಕತ್ತೀರಾ?"

ಹಿಂದೆ ಯಾವ ಮಗುವೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ.

"ಗೊತ್ತಿಲ್ಲವ್ವಾ," ಎಂದೆ. "ಭಾಳ ವರ್ಷದಿಂದ ಕೇಳಾಕತ್ತೀನಿ. ಖರೇ ಹೇಳ್ತೀನಿ, ತಿಳೀವಲ್ದು."

ಅವಳಿಗೆ ನನ್ನ ಮೇಲೆ ಮರುಕ ಬಂದಂತಾಯಿತು. ಲಂಗ ಮಡಚಿಕೊಂಡು ಪಕ್ಕದಲ್ಲಿ ಕೂತಳು, ಬೀಜವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಅಂಗೈಯಲ್ಲಿಟ್ಟುಕೊಂಡಳು, ಮಂದಬುದ್ಧಿಯ ತಮ್ಮನಿಗೆ ತಿಳಿಸುವ ಹಾಗೆ ನಿಧಾನಕ್ಕೆ ಶುರು ಮಾಡಿದಳು.

"ಹಂಗಾರ ಕೇಳ್ರಿ. ಮೊದಲು ನನಗೂ ತಿಳೀತಿದ್ದಿಲ್ಲ..."

ಕನ್ನಡದಲ್ಲಿ ಹೊರಟಳು, ನಡುವೆ ತೆಲುಗಿಗೆ ಹೋದಳು, ತಾನೇ ತಡೆದು, "ಅಲ್ಲಲ್ಲ, ಹಂಗಲ್ಲ," ಎಂದು ತಿದ್ದಿಕೊಂಡಳು, ಮತ್ತೆ ಹೊರಟಳು. ತಿಮ್ಮಪ್ಪ ಏನೋ ಹೇಳಲು ಬಂದವರು ನಮ್ಮನ್ನು ನೋಡಿ ಅಲ್ಲೇ ನಿಂತರು. ನಾನು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಅವಳು ಎಲ್ಲಿಗೆ ಹೋಗಿ ಮುಟ್ಟುತ್ತಾಳೋ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮಾತು ಮುಗಿಯುವವರೆಗೂ ಕೇಳುತ್ತಾ ಕೂತೆ.